ತಟ್ಟುವವನ ಮಾತು

ಹಂಚೆಲ್ಲ ಬಿರುಕು ಬಿಟ್ಟಿರಲಿ ಎಂದು ಲಿಯೋನೆಲ್ ಬೆಳಗಿನ ಪ್ರಾರ್ಥನೆಯಲ್ಲಿ ದೇವರನ್ನು ಕೇಳಿಕೊಂಡ. ಕೇಳಿಕೊಂಡ ಮೇಲೆ ತಾನು ಏನು ಕೇಳಿದೆ ಎಂಬುದು ಹೊಳೆದು, ಹಣೆಗೆ ಹೋದ ಕೈ ಅಲ್ಲೇ ನಿಂತಿತು. ಐವತ್ತರ ಹತ್ತಿರ ಬಂದ ಮನುಷ್ಯ, ಇಗರ್ಜಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವನು, ತನ್ನದೇ ಹಂಚಿನ ಕಾರ್ಖಾನೆ ಕೆಡಲಿ ಎಂದು ಬೇಡುವುದೇ? ತನ್ನದು ಎಂದರೆ ತನ್ನೊಬ್ಬನದಲ್ಲ, ಅಲ್ಲಿ ಕೆಲಸ ಮಾಡುವ ಎಲ್ಲರದು. ಹಾಗೆಂದು ಮೊದಲು ಹೇಳಿದವನೂ ಅವನೇ. ತಿದ್ದಿಕೊಂಡು, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಇನ್ನೊಮ್ಮೆ ಬೇಡಿ ನೋಡಿದ. ಆ ಮಾತು ಬಾಯಲ್ಲಿ ಹುಟ್ಟಿ ಬಾಯಲ್ಲೇ ಸತ್ತಿತು. ತಲೆಯ ಮೇಲೆ ಮಾಡು ಇರಲಿಲ್ಲ. ಹಳೆಯ ಹಂಚುಗಳನ್ನು ಇಳಿಸಿ ಕೆಲವು ದಿನಗಳಾಗಿದ್ದವು. ಹಂಚು ಹೊರುವ ಮರದ ಪಕ್ಕಾಸು ರೀಪುಗಳ ಚೌಕಗಳಲ್ಲಿ ಮೇ ತಿಂಗಳ ಆಕಾಶ ತುಂಡು ತುಂಡಾಗಿ ಕಾಣುತ್ತಿತ್ತು. ಹೀಗೆ ಬಯಲಲ್ಲಿ ಮಂಡಿಯೂರಿ ಬೇಡಿದ್ದು ದೇವರಿಗೆ ಬೇಗ ಕೇಳಿಸಿಬಿಟ್ಟರೆ ಎಂದು ಒಂದು ಕ್ಷಣ ಹೆದರಿಕೆಯೂ ಆಯಿತು.

"ಇವತ್ತು ಭಟ್ಟಿ ಒಡೆಯುವುದಲ್ವಾ," ಎಂದಳು ಬರ್ತಾ, ಅವನ ಹೆಂಡತಿ, ಗಂಜಿಯ ಬಟ್ಟಲು ಮುಂದಿಟ್ಟು. "ಎರಡನೇ ನಂಬರು ಜಾಸ್ತಿ ಬೀಳಲಿ ಅಂತ ನಾನು ಸಂತ ಅಂತೋನಿಗೆ ಹೇಳಿದ್ದೇನೆ. ನಮ್ಮ ಮಾಡಿಗೆ ಸಾಕಾಗಬೇಕಲ್ಲ. ತೆರೆಸಾನ ಮನೆಗೆ ಟೆರೇಸು ಆಯಿತು, ನಮಗೆ ಎರಡನೇ ನಂಬರಿನ ಹಂಚಾದರೂ ಬೇಡವಾ?" ತೆರೆಸಾ ಅವಳ ತಂಗಿ, ಗಂಡ ಮಸ್ಕತ್ತಿನಲ್ಲಿ. ಕಾರ್ಖಾನೆಯ ಕ್ರಮ ಹೀಗೆ: ಮೊದಲ ದರ್ಜೆಯ ಹಂಚು ಮಾರಾಟಕ್ಕೆ, ಎರಡನೆಯ ದರ್ಜೆಯದು ಪ್ರತಿ ಬೇಸಿಗೆಯಲ್ಲಿ ಸರದಿಯಂತೆ ಒಬ್ಬ ಸದಸ್ಯನ ಮನೆಯ ಮಾಡಿಗೆ. ಈ ಬೇಸಿಗೆಯ ಸರದಿ ಲಿಯೋನೆಲ್‌ನದು. ಹೆಂಡತಿ ಬೇಡಿದ್ದೂ ತಾನು ಬೇಡಿದ್ದೂ ಹೆಚ್ಚುಕಡಿಮೆ ಒಂದೇ ಎಂದು ಅವನಿಗೆ ಆಗ ಅನ್ನಿಸಿತು. ಆದರೆ ಅವಳು ಬೇಡಿದ್ದು ನೆಟ್ಟಗಿತ್ತು. ಗಂಜಿಯ ಬಟ್ಟಲು ಬದಿಗೆ ಸರಿಸಿ ಎದ್ದ.

ಹೊಳೆಯ ದಂಡೆ ಹಿಡಿದು ನಡೆದರೆ ಚಿಮಣಿ ದೂರದಿಂದಲೇ ಕಾಣುತ್ತದೆ. ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನ ಕಿಟಕಿಗೂ ಕಾಣುತ್ತದೆ. ಒಂದು ಕಾಲದಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಅದನ್ನು ಬೆರಳು ಮಾಡಿ ತೋರಿಸದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ. ಅಲ್ಲಿ ಸಾಹುಕಾರ ಇಲ್ಲ, ಗೊತ್ತುಂಟಾ, ಎಂದು ಶುರುಮಾಡುತ್ತಿದ್ದ. ತುರ್ತು ಪರಿಸ್ಥಿತಿಯ ವರ್ಷ ಸಾಹುಕಾರ ಬೀಗ ಹಾಕಿ ಮುಂಬಯಿಗೆ ಹೋದಾಗ ಕೆಲಸದವರು ಗೇಟಿನ ಮುಂದೆ ಕೂತಿದ್ದರು, ಅತ್ತವರು ಅತ್ತರು, ಬೈದವರು ಬೈದರು. ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರನಾಗಿದ್ದ ಲಿಯೋನೆಲ್‌ಗೆ ಆದಿ ಉಡುಪಿಯ ಮಂಡಿಯಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಅವನು ಹೋಗಲಿಲ್ಲ. ಉಡುಪಿಯ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿ, ಕೆಲಸಗಾರರದೇ ಒಂದು ಸಹಕಾರ ಸಂಘ ಮಾಡಿಸಿ ಬೀಗ ತೆಗೆಸಿದ. ಮಣ್ಣು ಹೊರುವವಳಿಗೂ ಒಂದು ಓಟು, ರೈಟರನಿಗೂ ಒಂದು ಓಟು. ಮಣ್ಣು ತೆಗೆದ ಗದ್ದೆಯ ಹೊಂಡವನ್ನು ಹೊಳೆಯ ಗೋಡುಮಣ್ಣು ತುಂಬಿ ಮತ್ತೆ ಗದ್ದೆ ಮಾಡಿಯೇ ಗದ್ದೆಯವನಿಗೆ ಒಪ್ಪಿಸಬೇಕು. ಅವನು ಹೇಳಿದ ಒಂದೊಂದು ನಿಯಮಕ್ಕೂ ಒಣಗುಹಾಕುವ ಚಪ್ಪರದಡಿ ಕೂತ ಜನ ಕೈ ಎತ್ತುತ್ತಿದ್ದರು. ಎತ್ತಿದ ಕೈಗಳನ್ನು ನೋಡುವಾಗ ಅವನ ಎದೆ ತುಂಬುತ್ತಿತ್ತು. ಆ ತುಂಬುವುದರಲ್ಲಿ ಜನರ ಮೇಲಿನ ಪ್ರೀತಿ ಎಷ್ಟು, ತನ್ನ ಮೇಲಿನದು ಎಷ್ಟು ಎಂದು ಆಗ ಕೇಳಿಕೊಂಡವನಲ್ಲ.

ಎಡವಟ್ಟಾದದ್ದು ಕುರ್ಚಿಯ ನಿಯಮದಿಂದ. ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತವನು ಅಲ್ಲೇ ಬೇರು ಬಿಡಬಾರದು, ಕೆಲವು ವರ್ಷವಾದ ಮೇಲೆ ಎದ್ದು ಅಂಗಳದ ಕೆಲಸಕ್ಕೆ ಇಳಿಯಬೇಕು, ಅಂಗಳದವರೊಬ್ಬರು ಮೇಲೆ ಬರಬೇಕು ಎಂದು ಅವನೇ ಬರೆದಿದ್ದ. ಮೊದಲ ಕಾರ್ಯದರ್ಶಿಯಾಗಿದ್ದ ತಾನೇ ಇಳಿಯುವ ದಿನ ಬಂದಾಗ ಚಂದದ ಭಾಷಣವನ್ನೂ ಮಾಡಿದ. ಊರಿನಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತಾರೆ; ಬೇಡ ಪೊರ್ಬುಗಳೇ, ನೀವೇ ಇರಿ ಎಂದು ಒಬ್ಬರಾದರೂ ಹೇಳುತ್ತಾರೆ ಎಂದು ಕಾದ. ಎರಡು ಸಲ ಬೇಡವೆಂದು, ಮೂರನೆಯ ಸಲ ಒಪ್ಪಿಕೊಳ್ಳುವ ಮಾತನ್ನೂ ಒಳಗೆ ಸಿದ್ಧಮಾಡಿ ಇಟ್ಟುಕೊಂಡಿದ್ದ. ಜನ ಚಪ್ಪಾಳೆ ತಟ್ಟಿದರು. ಎಷ್ಟು ಪ್ರೀತಿಯಿಂದ ತಟ್ಟಿದರೆಂದರೆ ಅದು ನಿಲ್ಲುವವರೆಗೂ ಅವನು ನಗುತ್ತಲೇ ನಿಲ್ಲಬೇಕಾಯಿತು, ದವಡೆ ನೋಯತೊಡಗಿತು. ಕುರ್ಚಿಗೆ ಚಂಪಾಳನ್ನು ಆರಿಸಿದರು. ಚಂಪಾ ಮಣ್ಣು ಹೊರಲು ಬಂದ ಹುಡುಗಿ, ಆಮೇಲೆ ಅಚ್ಚಿನ ಯಂತ್ರಕ್ಕೆ ಹೋದವಳು. ಸಂಜೆ ಕೆಲಸ ಬಿಟ್ಟ ಮೇಲೆ ಇದೇ ಚಪ್ಪರದಲ್ಲಿ ಕೂರಿಸಿ ಅವಳಿಗೆ ಓದುಬರಹ, ವ್ಯವಹಾರದ ಲೆಕ್ಕ ಎಲ್ಲ ಕಲಿಸಿದವನು ಲಿಯೋನೆಲ್. ಅವಳನ್ನು ತಾನೇ ತಯಾರುಮಾಡಿದೆ ಎಂದು ಹೇಳಿಕೊಂಡು ತಿರುಗಿದವನೂ ಅವನೇ. ಅವಳು ಕುರ್ಚಿಯಲ್ಲಿ ಎಡವಿದ್ದರೆ ಅವನು ಓಡಿಹೋಗಿ ಎತ್ತುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಅವಳು ಎಡವಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ.

ಕಾರ್ಖಾನೆಯ ಗೇಟು ದಾಟುವಾಗ ಗೇರುಸಿಪ್ಪೆಯ ಕಮಟು ವಾಸನೆ ಮೂಗಿಗೆ ಹೊಡೆಯಿತು. ಈ ಸಲದ ಭಟ್ಟಿಗೆ ಕಟ್ಟಿಗೆ ಹಾಕಿರಲಿಲ್ಲ. ಕಾರ್ಕಳದಲ್ಲಿ ಅಕ್ಕನ ಮನೆಗೆ ಹೋಗಿದ್ದ ಚಂಪಾ ಗೇರುಬೀಜದ ಕಾರ್ಖಾನೆಯ ಹಿಂದೆ ಗುಡ್ಡೆ ಬಿದ್ದ ಸಿಪ್ಪೆಯನ್ನು ಕಂಡು ಬಂದು, ಘಟ್ಟದ ಬುಡದ ಮರ ಕಡಿಸಿ ಸುಡುವ ಬದಲು ಇದನ್ನೂ ಅಕ್ಕಿ ಮಿಲ್ಲಿನ ಉಮಿಯನ್ನೂ ಸುಟ್ಟು ನೋಡುವ ಎಂದು ಸಭೆಯಲ್ಲಿ ಹೇಳಿದಳು. ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. "ಇದು ನನ್ನ ಮಾತಲ್ಲ," ಎಂದು ಸೇರಿಸಿದಳು. "ಕಾಡನ್ನು ಒಲೆಗೆ ಹಾಕಿ ಊರಿಗೆ ಮಾಡು ಕಟ್ಟುವುದು ಎಂತ ಧರ್ಮ ಅಂತ ಪೊರ್ಬುಗಳು ಮೊದಲನೇ ವರ್ಷವೇ ಕೇಳಿದ್ದರು. ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ." ಎಲ್ಲರೂ ಅವನ ಕಡೆ ತಿರುಗಿದರು. ಅವನಿಗೆ ತಾನು ಹಾಗೆ ಹೇಳಿದ್ದೇ ಮರೆತುಹೋಗಿತ್ತು. ತನ್ನ ಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದ ಅಂಗಿಯನ್ನು ಇನ್ನೊಬ್ಬರು ತೆಗೆದು, ಒಗೆದು, ಇಸ್ತ್ರಿಮಾಡಿ, ಇದು ನಿಮ್ಮದೇ ಎಂದು ನಾಲ್ಕು ಜನರ ಎದುರು ಹೇಳಿ ತಾವು ತೊಟ್ಟುಕೊಂಡ ಹಾಗಾಯಿತು. ಅವಳು ಕದ್ದಿದ್ದರೆ ಜಗಳವಾಡಬಹುದಿತ್ತು. ಅವನು ಎದ್ದು ನಿಂತು, ಸಿಪ್ಪೆಯ ಬೆಂಕಿ ಹಾರುವ ಬೆಂಕಿ, ಒಂದೇ ಹದದಲ್ಲಿ ನಿಲ್ಲುವುದಿಲ್ಲ, ಹಂಚು ಹಸಿಬಿಸಿಯಾಗುತ್ತದೆ ಎಂದ. ಹೇಳುತ್ತ ಹೇಳುತ್ತ ದನಿ ಏರಿತು. ಕಡೆಗೆ, ಸುಟ್ಟ ಹಂಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ದರ್ಜೆಯಾದರೆ ಸಿಪ್ಪೆ ಮುಂದುವರಿಯಲಿ, ಇಲ್ಲವಾದರೆ ಕಟ್ಟಿಗೆಯೇ ಎಂದು ಷರತ್ತು ಹಾಕಿದ. ಅದು ನ್ಯಾಯ ಎಂದು ಮೊದಲು ಕೈ ಎತ್ತಿದವಳು ಚಂಪಾ.

ದರ್ಜೆ ಹೇಳುವ ಕೆಲಸ ಈ ವರ್ಷ ಅವನದೇ. ಕುರ್ಚಿಯಿಂದ ಇಳಿದ ಮೇಲೆ ಅಂಗಳದಲ್ಲಿ ಅವನಿಗೆ ಸಿಕ್ಕಿದ್ದು ಹಂಚು ತಟ್ಟುವ ಕೆಲಸ. ಹಂಚನ್ನು ಎಡಗೈಯಲ್ಲಿ ಇಳಿಬಿಟ್ಟು ಬಲಗೈಯ ಗೆಣ್ಣಿನಿಂದ ತಟ್ಟಬೇಕು. ಠಣ್ಣೆಂದರೆ 'ಒಂದು' ಎಂದು ಕೂಗಬೇಕು, ಬದ್ದೆಂದರೆ 'ಎರಡು', ಬಿರುಕಿದ್ದರೆ 'ಒಡಕು'. ಸಾಹುಕಾರನ ಕಾಲದಲ್ಲಿ ಸೂಪರ್‌ವೈಸರ್ ಬಂದು ಒಳ್ಳೆಯ ಹಂಚನ್ನೂ ಎರಡೆಂದು ಕೂಗಿ ಕೆಲಸದವರ ಸಂಬಳ ಮುರಿಯುತ್ತಿದ್ದ. ಆ ಸಂಕಟ ಉಂಡವರು ಸಂಘವಾದ ಮೊದಲ ದಿನವೇ ಒಂದು ಮಾತು ಕೊಟ್ಟುಕೊಂಡಿದ್ದರು: ತಟ್ಟುವವನು ನಮ್ಮವನೇ ಆಗಿರಬೇಕು, ಅವನ ಮಾತಿಗೆ ಎದುರು ಮಾತಿಲ್ಲ. ಹಂಚು ಮಾಡಿಗೆ ಏರುವ ತನಕ ಮಾತು ಬದಲಿಸುವ ಹಕ್ಕು ಅವನೊಬ್ಬನಿಗೆ, ಕಾರ್ಯದರ್ಶಿಗೂ ಇಲ್ಲ. ಈ ನಿಯಮವನ್ನು ಮಾತ್ರ ಲಿಯೋನೆಲ್ ಬರೆಯಲಿಲ್ಲ. ಅದು ಅವರ ಬಾಯಿಂದ ತಾನಾಗಿ ಬಂದದ್ದು.

ಬೆಂಕಿ ನೋಡುವ ಭೋಜ ಭಟ್ಟಿಯ ಬಾಗಿಲಿಗೆ ಕಟ್ಟಿದ ಇಟ್ಟಿಗೆಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಸಿಪ್ಪೆಯ ಹೊಗೆಗೆ ಅವನ ಕಣ್ಣು ಕೆಂಪು ಕೆಂಪಾಗಿ ಊದಿಕೊಂಡಿತ್ತು. "ಎಂತ ಪೊರ್ಬುಗಳೇ, ಹೇಗೆ ಉಂಟು ಗೆಣ್ಣು," ಎಂದು ನಕ್ಕ. ಲಿಯೋನೆಲ್ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತ. ವಿನೋದಾ ಪಕ್ಕದಲ್ಲಿ ನಿಂತಳು. ಅವನು ಕೂಗಿದಂತೆ ಹಂಚನ್ನು ಬಲದ ಸಾಲಿಗೋ ಎಡದ ಸಾಲಿಗೋ ಇಡುವುದು ಅವಳ ಕೆಲಸ. ಚುರುಕು ನಾಲಿಗೆಯ ಹೆಂಗಸು, ಇವತ್ತು ಅವನ ಬಾಯನ್ನೇ ನೋಡುತ್ತಿದ್ದಳು. ಬಾಗಿಲ ಹತ್ತಿರದ ಹಂಚು ಮೊದಲು ಬಂತು. ತಟ್ಟಿದ. ಬದ್ದೆಂದಿತು. "ಎರಡು," ಎಂದ. ಮುಂದಿನದೂ ಎರಡು, ಅದರ ಮುಂದಿನದೂ. ಭೋಜನ ಮುಖ ಸಣ್ಣದಾಯಿತು. ಲಿಯೋನೆಲ್‌ಗೆ ಅವನ ಮೇಲೆ ಕನಿಕರ ಬಂತು, ಹೆಗಲ ಮೇಲೆ ಕೈ ಇಟ್ಟು ಎರಡು ಮಾತು ಆಡೋಣ ಎನ್ನುವಷ್ಟು ಔದಾರ್ಯವೂ ಬಂತು. ಗೆಲ್ಲುವವನಿಗೆ ಕನಿಕರ ಎಷ್ಟು ಸಲೀಸಾಗಿ ಬರುತ್ತದೆ. ಆಮೇಲೆ ಒಳಗಿನ ಸಾಲು ಬರತೊಡಗಿತು, ಬಂದದ್ದು ಠಣ್ಣೆಂದಿತು.

ಒಂದು, ಒಂದು, ಒಂದು. ಅವನು ಪ್ರಾಮಾಣಿಕವಾಗಿಯೇ ಕೂಗಿದ. ಕೈ ಸುಳ್ಳು ಹೇಳುವುದಿಲ್ಲ, ಗೆಣ್ಣಿಗೆ ಸಿಕ್ಕಿದ ದನಿ ಮೊಣಕೈವರೆಗೂ ಏರುತ್ತದೆ. ಇಷ್ಟು ಚೆನ್ನಾಗಿ ಬೆಂದ ಹಂಚನ್ನು ಅವನು ಕಟ್ಟಿಗೆಯ ಭಟ್ಟಿಯಲ್ಲೂ ಕಂಡಿರಲಿಲ್ಲ. ಬಲದ ಸಾಲು ಬೆಳೆಯಿತು. ಹೊತ್ತು ತರುವ ಹೆಂಗಸರ ನಡಿಗೆ ಬದಲಾಯಿತು, ಯಾರೋ ಏನೋ ಅಂದರು, ಯಾರೋ ನಕ್ಕರು. ಅಷ್ಟರಲ್ಲಿ ಮಣಿಪಾಲದಿಂದ ಕಾಲೇಜಿನ ಮೇಷ್ಟ್ರೊಬ್ಬರು ಕ್ಯಾಮೆರಾ ತೂಗಿಕೊಂಡು ಬಂದರು. ಕೆಲಸದವರೇ ನಡೆಸುವ ಕಾರ್ಖಾನೆ, ಕಾಡು ಸುಡದ ಭಟ್ಟಿ, ಪತ್ರಿಕೆಗೆ ಬರೆಯುತ್ತಾರಂತೆ. ಚಂಪಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಗೆ ಮೆತ್ತಿದ ಮಸಿಯನ್ನೂ ತೊಳೆಯದೆ ಬಂದಳು. ಮೇಷ್ಟ್ರು ಅವಳನ್ನು ಭಟ್ಟಿಯ ಬಾಗಿಲಲ್ಲಿ ನಿಲ್ಲಿಸಿ, ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ಲಿಯೋನೆಲ್‌ನ ಕಡೆ ಕೈ ಬೀಸಿದರು. "ಸ್ವಲ್ಪ ಆ ಕಡೆ ಸರಿಯುತ್ತೀರಾ, ನೆರಳು ಬೀಳುತ್ತದೆ." ಅವನು ಎದ್ದು ಪೆಟ್ಟಿಗೆಯನ್ನೂ ಎತ್ತಿಕೊಂಡು ಸರಿದ. ಪೆಟ್ಟಿಗೆ ಹಿಡಿದು ನಿಂತವನಿಗೆ ತನ್ನ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಯೋಚನೆ ಇವರದ್ದು ಸರ್," ಎಂದಳು ಚಂಪಾ ಅವನನ್ನು ತೋರಿಸಿ, "ನಾವು ಮಾಡಿದ್ದು ಮಾತ್ರ." ಮೇಷ್ಟ್ರು ಅವನ ಕಡೆ ತಿರುಗಿ ತಲೆಬಾಗಿಸಿ ನಕ್ಕರು, ಸಭೆಯ ಕೊನೆಗೆ ಮೈಕ್ ಬಾಡಿಗೆಗೆ ಕೊಟ್ಟವನಿಗೆ ವಂದನೆ ಹೇಳುವಾಗ ನಗುತ್ತಾರಲ್ಲ, ಹಾಗೆ. ಚಿತ್ರ ತೆಗೆಯಲಿಲ್ಲ.

ಅವರು ಹೋದ ಮೇಲೆ ಅವನು ಪೆಟ್ಟಿಗೆಯನ್ನು ಮೊದಲಿನ ಜಾಗದಲ್ಲೇ ಇಟ್ಟು ಕೂತ. ಹಂಚು ಬಂತು. ತಟ್ಟಿದ. ಠಣ್ಣೆಂದಿತು. ಬಾಯಿ "ಎರಡು" ಎಂದಿತು.

ವಿನೋದಾಳ ಚಾಚಿದ ಕೈ ಗಾಳಿಯಲ್ಲಿ ನಿಂತಿತು. ಅವಳು ಹಂಚನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ, ಎಡದ ಸಾಲಿಗೆ ಇಟ್ಟಳು. ಎಂತ ಮಾರಾಯರೇ ಎಂದು ಅವಳು ಕೇಳಿದ್ದರೆ ಅವನು ನಕ್ಕು, ಬಾಯಿ ತಪ್ಪಿತು ಎಂದುಬಿಡುತ್ತಿದ್ದ. ಅದಕ್ಕಾಗಿ ಕಾದ. ಅವಳು ಕೇಳಲಿಲ್ಲ. ಮುಂದಿನದು ಬಂತು, ಅದೂ ಠಣ್ಣೆಂದಿತು, ಅದೂ ಎರಡಾಯಿತು. ಹುಟ್ಟಿದಂದಿನಿಂದ ಹಂಚಿನ ದನಿ ಕೇಳಿ ಬೆಳೆದವರು ಅಂಗಳದ ತುಂಬ ಇದ್ದರು. ತೊಟ್ಟಿಲ ಮಗುವಿಗೂ ಗೊತ್ತಾಗುವ ದನಿ ಅದು. ಹೊತ್ತು ತರುವವರ ಮಾತು ನಿಂತಿತು. ಭೋಜ ಒಂದು ಹೆಜ್ಜೆ ಹತ್ತಿರ ಬಂದು ಕಿವಿಗೊಟ್ಟು ನಿಂತ. ತಟ್ಟುವ ಸದ್ದು, ಅವನ ಕೂಗು, ಮತ್ತೆ ತಟ್ಟುವ ಸದ್ದು. ಅಷ್ಟೇ. ಯಾರಾದರೂ ಒಬ್ಬರು ಬಾಯಿ ಬಿಡಿ, ನನ್ನ ಕುತ್ತಿಗೆ ಹಿಡಿಯಿರಿ ಎಂದು ಅವನ ಮನಸ್ಸು ಕೂಗುತ್ತಿತ್ತು. ಬಾಯಿ ಎರಡು, ಎರಡು ಎನ್ನುತ್ತಿತ್ತು. ನಡುನಡುವೆ ಸಂಶಯ ಬಾರದಿರಲೆಂದು ಒಂದು ಎಂದೂ ಕೂಗುತ್ತಿದ್ದ. ಎಲ್ಲರಿಗೂ ಗೊತ್ತಿರುವಾಗ ಇದನ್ನು ಯಾರಿಂದ ಮುಚ್ಚಿಡುತ್ತಿದ್ದೇನೆ ಎಂಬುದು ಹೊಳೆದಾಗ ಕಿವಿ ಬಿಸಿಯಾಯಿತು. ಚಂಪಾ ಬಾಗಿಲಲ್ಲೇ ನಿಂತಿದ್ದಳು. ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಚಿಕ್ಕವಳಿದ್ದಾಗ ಅವಳು 'ಋ' ಬರೆಯಲು ಒದ್ದಾಡಿ ಸ್ಲೇಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡದ್ದು, ಪರವಾಗಿಲ್ಲ ತೋರಿಸು ಎಂದು ತಾನು ಹೇಳಿದ್ದು, ಆಗ ಅವಳ ಮುಖ ಹೇಗೆ ಅರಳಿತ್ತು ಎಂಬುದು ಈಗ ಯಾಕೆ ನೆನಪಾಗಬೇಕು?

ಮಧ್ಯಾಹ್ನ ಕಳೆದು ಭಟ್ಟಿ ಖಾಲಿಯಾಯಿತು. ಎಡದ ಸಾಲು ಉದ್ದವಾಗಿತ್ತು. ಅಳೆಯುವುದೇ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಚಂಪಾ ಎರಡೂ ಸಾಲುಗಳ ನಡುವೆ ಒಮ್ಮೆ ನಡೆದು ಬಂದು ಅವನ ಮುಂದೆ ನಿಂತಳು.

"ಮುಗಿಯಿತಾ ಪೊರ್ಬುಗಳೇ?"

"ಮುಗಿಯಿತು."

"ಇನ್ನು ಬದಲಿಸಲಿಕ್ಕೆ ಇಲ್ಲವಾ?"

"ನನ್ನ ಕಿವಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಬೇರೆ ಯಾರನ್ನಾದರೂ ಕೂರಿಸಬಹುದು," ಎಂದ. ಅವಳು ಹಾಗೆ ಮಾಡಲಾರಳು ಎಂದು ಗೊತ್ತಿದ್ದೇ ಹೇಳಿದ ಮಾತು.

"ನಂಬಿಕೆ ಇಲ್ಲದೆ ಎಂತ," ಎಂದಳು ಅವಳು. ಆಮೇಲೆ ಅಂಗಳದವರ ಕಡೆ ತಿರುಗಿ, "ಹಾಗಾದರೆ ಮಳೆ ಹಿಡಿಯುವ ಮುಂಚೆ ಕಟ್ಟಿಗೆಗೆ ಹೇಳಿ ಕಳಿಸುವ. ಎರಡನೇ ನಂಬರು ಇವರ ಮನೆಗೆ. ನಾಳೆ ಆದಿತ್ಯವಾರ, ಪೂಜೆ ಮುಗಿಸಿ ಪೊರ್ಬುಗಳು ಬಂದ ಮೇಲೆ ನಾವೆಲ್ಲ ಹೋಗಿ ಮಾಡು ಹೊದಿಸುವ," ಎಂದಳು. ಭೋಜ ಎಡದ ಸಾಲಿನಿಂದ ಒಂದು ಹಂಚನ್ನು ಎತ್ತಿ, ಗೆಣ್ಣು ತಾಗಿಸದೆ ಅಂಗೈಯಿಂದ ಸವರಿ, ಮೊದಲಿದ್ದ ಹಾಗೆಯೇ ಇಟ್ಟು, ಮೈ ಒರೆಸುವ ಬೈರಾಸು ಹೆಗಲಿಗೆ ಹಾಕಿಕೊಂಡು ಕಣ್ಣು ತೊಳೆಯಲು ಹೊಳೆಗೆ ಹೋದ. ಲಿಯೋನೆಲ್ ಗೆದ್ದಿದ್ದ. ಗೆದ್ದದ್ದು ಇನ್ನು ಸ್ವಲ್ಪ ಹೊತ್ತಿಗೆ ಮೈಗೆ ಹತ್ತೀತು ಎಂದು ಕಾದ. ಮನೆಗೆ ನಡೆಯುವಾಗ ಕಾದ, ಸ್ನಾನ ಮಾಡುವಾಗ ಕಾದ. ಹಿಂದೆಯೇ ಗಾಡಿಯಲ್ಲಿ ಹಂಚು ಬಂತು. ಅಂಗಳದಲ್ಲಿ ಅವನ್ನು ಒಟ್ಟುವ ಸದ್ದಿಗೆ ಬರ್ತಾ ಅಡಿಗೆ ಬಿಟ್ಟು ಓಡಿ ಬಂದು, "ಸಂತ ಅಂತೋನಿ ಕೈಬಿಡಲಿಲ್ಲ," ಎಂದು ಶಿಲುಬೆಯ ಗುರುತು ಮಾಡಿದಳು.

ಆದಿತ್ಯವಾರ ಇಗರ್ಜಿಯ ಪೂಜೆಯಲ್ಲಿ ಅವನು ಹಿಂದಿನ ಸಾಲಿನಲ್ಲಿ ಕೂತ. ಮನೆಗೆ ಬರುವಾಗ ಅಂಗಳ ತುಂಬಿತ್ತು. ಭೋಜ ಆಗಲೇ ಪಕ್ಕಾಸು ಹತ್ತಿ ರೀಪಿನ ಮೇಲೆ ಕಾಲು ಚಾಚಿ ಕೂತಿದ್ದ. ಏಣಿಯ ನಡುವೆ ಚಂಪಾ. ಯಾರ ಮನೆಯ ಮಾಡಾದರೂ ಕಾರ್ಯದರ್ಶಿಯೇ ಏಣಿಯಲ್ಲಿ ನಿಲ್ಲಬೇಕೆಂಬುದು ಅವನು ಹಾಕಿಕೊಟ್ಟ ಪದ್ಧತಿ. ಅವನು ನಿಂತಿದ್ದಾಗ ಏಣಿಯ ಬುಡ ಹಿಡಿಯುತ್ತಿದ್ದವಳು ಅವಳು. ಪಡುವಣದಲ್ಲಿ, ಕಾಪುವಿನ ದೀಪಸ್ತಂಭದ ಕಡೆ, ಮೋಡ ಕಟ್ಟಿತ್ತು. "ಇವತ್ತೇ ಮುಗಿಸಿದರೆ ಒಳ್ಳೆಯದು ಮಾರಾಯರೇ, ಗಾಳಿ ಬೇರೆ ಉಂಟು," ಎಂದ ಭೋಜ ಮೇಲಿನಿಂದ. ಕೆಲಸ ಶುರುವಾಗುವ ಮುಂಚೆ ಎಲ್ಲರಿಗೂ ಬೆಲ್ಲ ನೀರು ಕೊಡಬೇಕು. ಅದನ್ನು ತರಲು ಲಿಯೋನೆಲ್ ಒಳಗೆ ಹೋದ. ಹಿತ್ತಿಲ ಜಗಲಿಯಲ್ಲಿ ವಿನೋದಾ ಬರ್ತಾಳಿಗೆ ಲೋಟ ತೊಳೆದುಕೊಡುತ್ತ ಮಾತಾಡುತ್ತಿದ್ದಳು. ಗೋಡೆಯ ಮೇಲೆ ಮಾಡಿಲ್ಲದ ಮನೆ, ಮಾತು ನೇರ ಅವನ ಮೇಲೆ ಬಿತ್ತು.

"ಹೆದರಬೇಡಿ ಬಾಯಮ್ಮ, ನಿಮ್ಮ ಮಾಡು ನೂರು ವರ್ಷ ಸೋರುವುದಿಲ್ಲ. ಒಳ್ಳೊಳ್ಳೆಯದನ್ನೇ ಪೊರ್ಬುಗಳು ಆರಿಸಿದ್ದಾರೆ," ಎಂದು ಅವಳು ನಕ್ಕಳು. "ನಮಗೆ ಕಿವಿ ಇಲ್ಲವಾ? ನಿನ್ನೆ ನಾನೇ ಎತ್ತಿ ಇಟ್ಟದ್ದು."

"ಎಂತ ಹೇಳುತ್ತೀ ನೀನು?" ಎಂದಳು ಬರ್ತಾ.

"ಸರದಿ ಬಂದಾಗ ಎಲ್ಲರಿಗೂ ತಮ್ಮ ಮಾಡಿನ ಆಸೆ ಸ್ವಲ್ಪ ಇರ್ತದೆ. ನಮ್ಮ ಮನೆಯ ಸರದಿಯಲ್ಲಿ ನನ್ನ ಗಂಡನೂ ಹತ್ತಿಪ್ಪತ್ತು ಒಳ್ಳೆಯದು ಸೇರಿಸಿದ್ದ. ಇವರದ್ದು ಸ್ವಲ್ಪ ಜಾಸ್ತಿಯಾಯಿತು, ಸಿಪ್ಪೆಯ ಭಟ್ಟಿ ಅದರಲ್ಲಿ ಹೋಯಿತು, ಅದೇ ಬೇಜಾರು. ಚಂಪಕ್ಕನೇ ಹೇಳಿತು, ನಮಗಾಗಿ ಅಷ್ಟು ದುಡಿದ ಮನುಷ್ಯ, ಒಂದು ಮಾಡು ಗಟ್ಟಿಯಾಗಿ ಇರಲಿ, ಯಾರೂ ಬಾಯಿ ಬಿಡಬೇಡಿ ಅಂತ."

ಲಿಯೋನೆಲ್ ನೀರಿನ ಕೊಡದ ಕಂಠ ಹಿಡಿದು ನಿಂತ. ಮೊದಲು ಬಂದದ್ದು ಸಮಾಧಾನ. ಹಾಗಾದರೆ ಅವರಿಗೆ ಗೊತ್ತಾಗಿಲ್ಲ. ಹಂಚಿನ ಆಸೆಗೆ ಬಿದ್ದೆನೆಂದು ತಿಳಿದಿದ್ದಾರೆ, ಹೊಟ್ಟೆಕಿಚ್ಚೆಂದು ಒಬ್ಬರಿಗೂ ಹೊಳೆದಿಲ್ಲ. ಚಂಪಾಳನ್ನು ಕಂಡರೆ ತನಗೆ ಹೊಟ್ಟೆ ಉರಿಯುತ್ತದೆಂದು ಊಹಿಸುವಷ್ಟು ಕೀಳಾಗಿ ಅವರು ತನ್ನನ್ನು ನೋಡಿಯೇ ಇಲ್ಲ. ಅದರ ಹಿಂದೆಯೇ ಇನ್ನೊಂದು ಬಂತು. ನಾನು ಹಂಚು ಕದಿಯುವವನೇ? ಮಂಡಿಯ ಕೆಲಸ ಬಿಟ್ಟವನು, ತಮ್ಮ ಓಸ್ವಾಲ್ಡ್ ದುಬಾಯಿಯಿಂದ ವೀಸಾ ಕಳಿಸುತ್ತೇನೆಂದಾಗ ಬೇಡವೆಂದು ಬರೆದವನು, ಈ ಜನ ಇದ್ದಾರೆಂದು ಇಲ್ಲೇ ಉಳಿದವನು, ತಲೆಯ ಮೇಲಿನ ನಾಲ್ಕು ಹಂಚಿಗೆ ಬಾಯಿ ಬಿಟ್ಟೆನೇ? ಓಡಿಹೋಗಿ ಹೇಳಿಬಿಡಬೇಕು ಎನ್ನಿಸಿತು. ಏನೆಂದು ಹೇಳುವುದು? ಹಂಚಿನ ಆಸೆಯಲ್ಲ ಮಾರಾಯರೇ, ಇವಳು ಸೋಲಲಿ ಎಂದು ಮಾಡಿದೆ ಎಂದೇ? ಎರಡರಲ್ಲಿ ಯಾವ ಮರ್ಯಾದೆ ದೊಡ್ಡದು ಎಂದು ತೂಗಿ ನೋಡುತ್ತ ನಿಂತವನ ಕೈಗೆ ಕೊಡದ ನೀರು ತುಳುಕಿತು. ಬರ್ತಾ ಒಳಗೆ ಬಂದಳು. ಅವನ ಮುಖ ನೋಡಿದಳು. ಲೋಟಗಳನ್ನು ಜೋಡಿಸಿಕೊಂಡು ಹೊರಗೆ ಹೋದಳು. ಅವಳೂ ಅದನ್ನೇ ನಂಬಿದಳು ಎಂದು ಅವನಿಗೆ ಗೊತ್ತಾಯಿತು. ಅವಳ ನಡಿಗೆಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ತನಗಾಗಿ ಗಂಡ ಒಂದು ತಪ್ಪನ್ನಾದರೂ ಮಾಡಿದನಲ್ಲ ಎಂಬ ಹಾಗೆ.

ಬೆಲ್ಲ ನೀರು ಕುಡಿದು ಜನ ಸಾಲಾಗಿ ನಿಂತರು. ಗಾಡಿಯ ಕುಲುಕಾಟಕ್ಕೆ ಹಂಚು ಬಿರುಕು ಬಿಟ್ಟಿರಬಹುದೆಂದು, ಮಾಡಿಗೆ ಏರುವ ಮುಂಚೆ ಇನ್ನೊಮ್ಮೆ ತಟ್ಟಿ ದರ್ಜೆ ಕೂಗುವುದು ಕ್ರಮ. ಕೂಗಿದ ಮೇಲೆ ಏಣಿಯವರು ತೆಗೆದುಕೊಂಡು ಮೇಲಕ್ಕೆ ದಾಟಿಸುತ್ತಾರೆ. ಮನೆಯವನೂ ಅವನೇ, ತಟ್ಟುವವನೂ ಅವನೇ ಆದ್ದರಿಂದ ಏಣಿಯ ಬುಡದಲ್ಲಿ ಅವನೇ ನಿಲ್ಲಬೇಕಾಯಿತು. ವಿನೋದಾ ಮೊದಲ ಹಂಚನ್ನು ಅವನ ಕೈಗೆ ಕೊಟ್ಟಳು. ಅವನು ತಟ್ಟಿದ. ದನಿ ಮಾಡಿಲ್ಲದ ಮನೆಯೊಳಗೆ ಹೊಕ್ಕು, ಗೋಡೆಗಳಿಗೆ ತಾಗಿ, ಮೇಲಿನಿಂದ ಹೊರಟುಹೋಯಿತು. ನಿನ್ನೆ ಭಟ್ಟಿಯ ಮುಂದೆಯೂ ಇಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ಭೋಜ ಮೇಲಿನಿಂದ ಬಗ್ಗಿ ನೋಡಿದ. ಅಂಗಳದಲ್ಲಿದ್ದವರು ಬೇರೆ ಬೇರೆ ಕಡೆ ನೋಡಿದರು, ಒಬ್ಬ ಬೀಡಿ ಹಚ್ಚಿದ, ಒಬ್ಬಳು ಸೆರಗು ಸರಿಮಾಡಿಕೊಂಡಳು. ಬೇಕೆಂದೇ ಕೇಳದವರ ಹಾಗೆ ನಿಂತ ಅಷ್ಟೂ ಬೆನ್ನುಗಳು.

"ಕೊಡಿ ಪೊರ್ಬುಗಳೇ," ಎಂದಳು ಚಂಪಾ ಏಣಿಯಿಂದ ಕೈ ಚಾಚಿ. ನಗುತ್ತಿದ್ದಳು. ಆ ನಗೆಯಲ್ಲಿ ಚುಚ್ಚು ಇದೆಯೇ ಎಂದು ಅವನು ಹುಡುಕಿದ. ಇರಲಿಲ್ಲ. ಸೋತು, ಸೋತದ್ದನ್ನು ಮಡಿಲಲ್ಲಿ ಕಟ್ಟಿಕೊಂಡು, ಅವನ ಮಾಡಿಗೆ ಹಂಚು ಏರಿಸಲು ಆದಿತ್ಯವಾರ ಬಂದು ನಿಂತಿದ್ದಾಳೆ. ಮುಂದೆ ಕಟ್ಟಿಗೆಯ ಲಾರಿ ಬರುವಾಗಲೂ ಹೀಗೆಯೇ ನಿಲ್ಲುತ್ತಾಳೆ. ಜನ ಅವಳನ್ನು ಇನ್ನೂ ಒಂದು ಪಟ್ಟು ಹೆಚ್ಚು ಪ್ರೀತಿಸುತ್ತಾರೆ. ತಾನು ಈ ಮಾಡಿನಡಿಯಲ್ಲಿ ಸಾಯುವವರೆಗೆ ಮಲಗಬೇಕು, ಮಳೆ ಬಿದ್ದಾಗಲೆಲ್ಲ ಒಂದು ಹನಿಯೂ ಸೋರದೆ ಅವಳ ಔದಾರ್ಯ ಮೇಲಿಂದ ತನ್ನನ್ನು ಕಾಯುತ್ತಿರಬೇಕು. ಇಲ್ಲ. ಅದನ್ನೂ ಇವಳಿಗೆ ಬಿಟ್ಟುಕೊಡಲಾರೆ. ಕುರ್ಚಿ ಕೊಟ್ಟೆ, ಮಾತು ಕೊಟ್ಟೆ, ಕ್ಷಮಿಸುವ ದೊಡ್ಡಸ್ತಿಕೆಯನ್ನೂ ಇವಳಿಗೇ ಕೊಡುವುದೇ?

"ಒಂದು," ಎಂದ.

ಚಂಪಾಳ ಕೈ ಚಾಚಿದಲ್ಲೇ ಇತ್ತು. "ಎಂತ?"

"ಒಂದು," ಎಂದು ಗಟ್ಟಿಯಾಗಿ ಕೂಗಿದ. "ನಿನ್ನೆ ತಪ್ಪು ಕೂಗಿದೆ. ಇದು ಒಂದು. ಇಳಿಸಿ ಇಡಿ."

"ಪರವಾಗಿಲ್ಲ ಪೊರ್ಬುಗಳೇ," ಎಂದಳು ಅವಳು ಮೆಲ್ಲಗೆ, ಅವನಿಗೆ ಮಾತ್ರ ಕೇಳುವಂತೆ, "ಮಾಡು ಆಗಲಿ. ಮಳೆ ಬರ್ತದೆ." ಒಂದು ಕಾಲದಲ್ಲಿ ಅವಳ ಸ್ಲೇಟಿನ ಮುಂದೆ ತಾನು ಹೇಳಿದ್ದ ಅದೇ ಪರವಾಗಿಲ್ಲ. ಅವನಿಗೆ ರೇಗಿತು. "ತಟ್ಟುವವನು ನೀನಾ ನಾನಾ? ಮಾಡಿಗೆ ಏರುವ ತನಕ ನನ್ನ ಮಾತು," ಎಂದು ಮುಂದಿನ ಹಂಚಿಗೆ ಕೈ ಚಾಚಿದ. ವಿನೋದಾ ಕೊಟ್ಟಳು. ಠಣ್. ಒಂದು. ಇನ್ನೊಂದು. ಒಂದು. ಮೊದಲ ದರ್ಜೆಯದು ಸದಸ್ಯನ ಮಾಡಿಗೆ ಏರುವಂತಿಲ್ಲ. ಅವು ಬೇರೆ ಸಾಲಾಗಿ ಅಂಗಳದ ಇನ್ನೊಂದು ಬದಿಯಲ್ಲಿ ಸೇರತೊಡಗಿದವು. ಮೊದಲು ನಕ್ಕವನು ಭೋಜ. ಮೇಲೆ ಕೂತಲ್ಲಿಂದಲೇ ತೊಡೆ ತಟ್ಟಿಕೊಂಡು, ಊದಿದ ಕಣ್ಣನ್ನು ಬೈರಾಸಿನಿಂದ ಒರೆಸಿ ಒರೆಸಿ ನಕ್ಕ. ಆಮೇಲೆ ಅಂಗಳವೇ ಸಡಿಲವಾಯಿತು. ಚಂಪಾ ಏಣಿಯಿಂದ ಇಳಿದು ಬಂದಳು. ಅವಳಿಗೆ ಲೆಕ್ಕ ಆಗಲೇ ಹೊಳೆದಿತ್ತು; ಮೊದಲ ದರ್ಜೆ ಅರ್ಧ ದಾಟುತ್ತದೆ, ಚೆನ್ನಾಗಿಯೇ ದಾಟುತ್ತದೆ. "ಕಟ್ಟಿಗೆಯವನಿಗೆ ಇನ್ನೂ ಹೇಳಿ ಕಳಿಸಲಿಲ್ಲ," ಎಂದಳು ಯಾರಿಗೋ. "ಸೋಮವಾರ ಕಾರ್ಕಳಕ್ಕೆ ಲಾರಿ ಹೋಗಲಿ. ಸಿಪ್ಪೆ ಬೇರೆಯವರು ಎತ್ತುವ ಮುಂಚೆ." ಹೆಂಗಸರು ಅವಳನ್ನು ಸುತ್ತಿಕೊಂಡರು. ಅವಳ ಮುಖ ಅರಳಿತ್ತು, ಸ್ಲೇಟು ತೋರಿಸಿದ ದಿನದ ಹಾಗೆಯೇ. ಅದನ್ನು ನೋಡುತ್ತ ಲಿಯೋನೆಲ್‌ಗೆ ಹೊಟ್ಟೆ ಉರಿಯಿತು. ನಿನ್ನೆಯಷ್ಟೇ ಉರಿಯಿತು, ಒಂದು ಚೂರೂ ಕಡಿಮೆಯಲ್ಲ. ಆದರೂ ಅವನು ತಟ್ಟುತ್ತಲೇ ಇದ್ದ, ಗೆಣ್ಣು ಸುಲಿದು ಹಂಚಿಗೆ ಕೆಂಪು ಹತ್ತತೊಡಗಿದ್ದರೂ.

ಭಟ್ಟಿಯ ಬಾಗಿಲ ಹತ್ತಿರ ಬೆಂದಿದ್ದ ಕೆಲವು ಹಂಚು ರಾಶಿಯ ತಳದಲ್ಲಿದ್ದವು. ಅವು ಬಂದಾಗ ಬದ್ದೆಂದವು. "ಎರಡು," ಎಂದು ಕೂಗಿದ. ಚಂಪಾ ಮತ್ತೆ ಏಣಿ ಹತ್ತಿ ಅವನ್ನು ಒಂದೊಂದಾಗಿ ದಾಟಿಸಿದಳು. ಭೋಜ ಅವನ್ನು ಮಾಡಿನ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಹೊದಿಸಿದ. ಅಷ್ಟಕ್ಕೆ ಎರಡನೇ ನಂಬರು ಮುಗಿಯಿತು. ಹಳೆಯ ಹಂಚು ಆಗಲೇ ಪುಡಿಯಾಗಿ ದಾರಿಯ ಹೊಂಡಕ್ಕೆ ಬಿದ್ದಿತ್ತು. ಮುಂದಿನ ಭಟ್ಟಿ ಒಡೆಯುವ ತನಕ ಹೆಣೆದ ತೆಂಗಿನ ಮಡಲು ಹೊದಿಸಿಕೊಡುತ್ತೇವೆ, ಇವತ್ತೇ ತರಿಸುತ್ತೇವೆ ಎಂದು ಚಂಪಾ ಬರ್ತಾಳಿಗೆ ಹೇಳುತ್ತಿದ್ದಳು. ಗಾಳಿ ಎದ್ದು ಅಂಗಳದ ತರಗೆಲೆ ಹಾರಿತು, ಒಂದೆರಡು ದಪ್ಪ ಹನಿ ಬಿದ್ದವು. ಬರ್ತಾ ತಲೆಯೆತ್ತಿ ಪಕ್ಕಾಸುಗಳ ನಡುವಿನ ಕಪ್ಪು ಮೋಡವನ್ನು ನೋಡಿದಳು, ರಕ್ತ ಹತ್ತಿದ ಗಂಡನ ಕೈಯನ್ನು ನೋಡಿದಳು. ಒಳಗೆ ಹೋಗಿ, ಹಂಚು ಹೊದಿಸಿದ ಆ ಮೂಲೆಗೆ ಮಂಚವನ್ನು ಎಳೆಯತೊಡಗಿದಳು.